ದೈವಕರೆಗೆ ಕಿವಿಗೊಡುವುದು



ಯೇಸುಸಭೆಯ ಅಗಸ್ಟಸ್ ಮುಲ್ಲರ್ ಗುರುಗಳನ್ನು ಈ ಶುಭದಿನ ಸ್ಮರಿಸೋಣ. 1841ರಲ್ಲಿ ಜರ್ಮನಿಯಲ್ಲಿ ಜನಿಸಿದ ಅವರು 1878ರ ಅಂತ್ಯದಲ್ಲಿ ಮಂಗಳೂರಿಗೆ ಬಂದದ್ದು ಅಧ್ಯಾಪನಕ್ಕಾಗಿ. ಹೋಮಿಯೋಪತಿ ಬಲ್ಲವರೆಂಬುದು ತಿಳಿದೊಡನೆ ರೋಗಿಗಳು ಬಾಗಿಲಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರ ಔಷಧಾಲಯ ತೆರೆಯಿತು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ದೊರೆಯಿತು. ಅವರ ಹೆಸರಿನಲ್ಲಿ ಈಗ ಅಲ್ಲಿ ವೈದ್ಯಕೀಯ ಮಹಾವಿದ್ಯಾಲಯವೇ ಇದೆ. ಬಾಳಿನ ಗುರಿಯು ಅವರಿಗೆ ಗೋಚರಿಸಿದ್ದು ಮೂವತ್ತೇಳು ವರ್ಷ ದಾಟಿದ ಮೇಲೆ!

ನಾವಾದರೋ ದ್ವಿತೀಯ ಪಿ.ಯು.ಸಿ. ಅಂಕಪಟ್ಟಿ ಕೈಗೆ ಬಂದ ಸಂಜೆಯೇ ಮಕ್ಕಳ ಬಾಳನ್ನು ತೀರ್ಮಾನಿಸಿಬಿಡುತ್ತೇವೆ. ಕಮಲಾಪುರದ ಕೆಂಪು ಬಾಳೆಯು ಇತರ ಬಾಳೆಗಿಂತ ಹೆಚ್ಚು ತಿಂಗಳು ಬೇಡುತ್ತದೆ. ಅಲ್ಲಿಯ ರೈತ ಅದಕ್ಕಾಗಿ ಗಿಡವನ್ನು ಬೈಯುವುದಿಲ್ಲ, ನೀರು ಬಿಡುತ್ತಾನೆ. ಕಲಬುರಗಿಯ ತಂದೆತಾಯಿಗಳಿಗೆ ಮಾತ್ರ ಎಲ್ಲಿಲ್ಲದ ಅವಸರ. ಮಗಳು ಧರ್ಮಭಗಿನಿಯಾಗುವೆನೆಂದರೆ ಮನೆಯಲ್ಲಿ ಮೌನ. ಮಗನು ಹೊಲದಲ್ಲೇ ಇರುವೆನೆಂದರೆ ಕೋಪ. ಎರಡನ್ನೂ ನಾವು ಬಲ್ಲೆವು.

2005ರಲ್ಲಿ ಉದಯಿಸಿದ ನಮ್ಮ ಧರ್ಮಪ್ರಾಂತ್ಯಕ್ಕೆ ಈ ಮಣ್ಣಿನ ಗುರುಗಳೂ ಭಗಿನಿಯರೂ ಬೇಕು. ಶಿಕ್ಷಕರೂ ದಾದಿಯರೂ ರೈತರೂ ಅಷ್ಟೇ ಬೇಕು. ತನ್ನ ಕರೆ ಯಾವುದೆಂದು ತೊಳಲುತ್ತಿರುವ ಯುವಜನರು ಭಾನುವಾರ ಪೂಜೆಯ ನಂತರ ನಮ್ಮನ್ನು ಕಾಣಬಹುದು. ತಂದೆತಾಯಿಗಳೂ ಬರಲಿ, ಅವರು ಕೊಂಚ ಹೊತ್ತು ಹೊರಗೆ ಕಾಯಬೇಕಾದೀತು.