ಅಗಸಿಯ ಹೊಲದಿಂದ ಲಿನನ್ ಅಂಗಿಯವರೆಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನು ಎಂದು ನನ್ನನ್ನು ಮಾತಿಗೆ ಕರೆದಿದ್ದೀರಿ. ಆದರೆ ನಾನು ಗಿರಣಿಯ ಕಥೆ ಹೇಳುವುದಿಲ್ಲ. ನಿಮ್ಮೆಲ್ಲರ ಅಡುಗೆಮನೆಯ ಡಬ್ಬಿಯಲ್ಲಿರುವ ಅಗಸಿಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ಕಳೆದ ವರ್ಷ ನನ್ನ ಮೊಮ್ಮಗನನ್ನು ಕರೆದುಕೊಂಡು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿ ಒಂದು ಲಿನನ್ ಅಂಗಿ ತೂಗುಹಾಕಿದ್ದರು. ಬೆಲೆ ನೋಡಿ ಹುಡುಗ ಕಣ್ಣರಳಿಸಿದ. "ಅಜ್ಜ, ಈ ಲಿನನ್ ಅಂದ್ರ ಏನು?" ಅಂದ. "ನಮ್ಮ ಅಗಸಿನೋ" ಅಂದೆ. ಅವನು ಬಿದ್ದು ಬಿದ್ದು ನಕ್ಕ. "ಅಗಸಿ ಹಿಂಡಿಯಿಂದ ಅಂಗಿ ಹೊಲೀತಾರೇನು?" ಎಂದು ಕೇಳಿದ. ಅವನ ತಪ್ಪಲ್ಲ. ರೊಟ್ಟಿಯ ಜೊತೆ ಅಗಸಿ ಹಿಂಡಿ ತಿಂದು ಬೆಳೆದ ನನಗೇ ಅದು ಗೊತ್ತಾಗಿದ್ದು ಗಿರಣಿ ಸೇರಿದ ಮೇಲೆ.

ಅಗಸಿ ಒಂದೇ ಗಿಡ, ಉಪಯೋಗ ಎರಡು. ಬೀಜಕ್ಕಾಗಿ ಬೆಳೆಯುವ ನಮ್ಮ ತಳಿ ಗಿಡ್ಡ, ಕವಲು ಹೆಚ್ಚು, ಕಾಯಿ ಹೆಚ್ಚು. ನಾರಿಗಾಗಿ ಬೆಳೆಯುವ ತಳಿ ಸೊಂಟದೆತ್ತರ ನೇರವಾಗಿ ಏಳುತ್ತದೆ, ತುದಿಯಲ್ಲಿ ಮಾತ್ರ ಕವಲೊಡೆಯುತ್ತದೆ. ಅದನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಸುಮಾರು ನೂರು ದಿನಕ್ಕೆ ಬೇರುಸಮೇತ ಕಿತ್ತು ತೆಗೆಯುತ್ತಾರೆ. ಕುಡಗೋಲು ಹಾಕಿದರೆ ನಾರಿನ ಉದ್ದ ಕಡಿಮೆಯಾಗುತ್ತದೆ ಎಂದು. ಈಜಿಪ್ಟಿನ ಮಮ್ಮಿಗಳಿಗೆ ಸುತ್ತಿದ ಬಟ್ಟೆ ಇದೇ ನಾರಿನದು. ಇವತ್ತು ಜಗತ್ತಿನ ಈ ನಾರಿನಲ್ಲಿ ಬಹುಪಾಲು ಫ್ರಾನ್ಸ್, ಬೆಲ್ಜಿಯಂ, ನೆದರ್ಲ್ಯಾಂಡ್ಸ್ ಕರಾವಳಿಯ ಹೊಲಗಳಿಂದ ಬರುತ್ತದೆ. ನಮ್ಮ ದೇಶದ ಲಿನನ್ ಗಿರಣಿಗಳೂ ಹೆಚ್ಚಾಗಿ ಅಲ್ಲಿಂದಲೇ ನಾರು ತರಿಸುತ್ತವೆ.

ಗಿಡದಿಂದ ನಾರು ತೆಗೆಯುವುದು ಹೇಗೆ? ಇಲ್ಲಿ ಕೂತಿರುವ ಹಿರಿಯರಿಗೆ ನಾನು ಹೇಳಿಕೊಡಬೇಕಿಲ್ಲ. ಪುಂಡಿ ಪಲ್ಯ ತಿಂದು ಮುಗಿದ ಮೇಲೆ ಬಲಿತ ಪುಂಡಿಯ ಕಟ್ಟಿಗೆಯನ್ನು ಹಳ್ಳದಲ್ಲಿ ಕೊಳೆಯಲು ಹಾಕಿ, ಮೇಲೆ ಕಲ್ಲು ಹೇರಿ, ಆಮೇಲೆ ಸುಲಿದು, ಬಡಿದು, ಒಣಗಿಸಿ, ಹಗ್ಗ ಹೊಸೆಯುತ್ತಿದ್ದಿರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನೂ ಕಟ್ಟಿಗೆಯನ್ನೂ ಅಂಟಿಸಿರುವ ಅಂಟನ್ನು ತಿನ್ನುತ್ತವೆ. ಕಡಿಮೆ ದಿನ ಇಟ್ಟರೆ ನಾರು ಬಿಡುವುದಿಲ್ಲ. ಹೆಚ್ಚು ದಿನ ಇಟ್ಟರೆ ನಾರೇ ಕೊಳೆಯುತ್ತದೆ. ಅಗಸಿಯಲ್ಲಿ ಮುಂದೆ ಇನ್ನೂ ಎರಡು ಕೆಲಸ ಇವೆ. ಒಣಗಿದ ಕಾಂಡವನ್ನು ಮುರಿದು ಬಡಿದು ರವದಿ ಉದುರಿಸಬೇಕು, ಆಮೇಲೆ ಮೊಳೆಯ ಹಣಿಗೆಯಲ್ಲಿ ಬಾಚಬೇಕು. ಹಾಗೆ ಬಾಚಿದ ನಾರು ಹುಡುಗಿಯರ ಕೂದಲಿನ ಹಾಗೆ ಹೊಳೆಯುತ್ತದೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ನಾನೂ ಇದನ್ನು ಮಾಡಿ ನೋಡೋಣ ಅಂದುಕೊಂಡೆ. ಗೆಳೆಯನೊಬ್ಬ ಕಡಲೆಯ ನಡುವೆ ಅಗಸಿಯ ಅಕ್ಕಡಿ ಸಾಲು ಹಾಕಿದ್ದ. ಬೀಜ ಬಡಿದ ಮೇಲೆ ಮೂರು ಕಟ್ಟು ಕಾಂಡ ಕೇಳಿ ತಂದೆ. ಮೊದಲ ಕಟ್ಟನ್ನು ಡ್ರಮ್ಮಿನಲ್ಲಿ ಹನ್ನೆರಡು ದಿನ ನೆನೆಹಾಕಿದೆ. ಕಪ್ಪು ರಾಡಿಯಾಯಿತು. ಮನೆಯವರು ನಾಲ್ಕು ದಿನ ಮೂಗು ಮುಚ್ಚಿಕೊಂಡು ಓಡಾಡಿದರು. ಎರಡನೆಯದನ್ನು ಹೆದರಿ ನಾಲ್ಕನೆಯ ದಿನಕ್ಕೇ ತೆಗೆದೆ. ಒಂದೆಳೆ ನಾರೂ ಬಿಡಲಿಲ್ಲ. ಗಿರಣಿಯಲ್ಲಿ ಲಕ್ಷಾಂತರ ಮೀಟರ್ ಬಟ್ಟೆ ನೋಡಿದವನಿಗೆ ಒಂದು ಕಟ್ಟು ಕಡ್ಡಿಯಿಂದ ನಾರು ಬಿಡಿಸಲು ಬರಲಿಲ್ಲ.

ಆಗ ನಮ್ಮ ಓಣಿಯ ಒಬ್ಬ ಅಜ್ಜಿ ಬಂದು ನೋಡಿದರು. ವಯಸ್ಸು ಎಂಬತ್ತು ದಾಟಿದೆ. ಅವರು ಈ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಕಾಲಕ್ಕೆ ಊರಿನಲ್ಲಿ ಹೈಸ್ಕೂಲೇ ಇರಲಿಲ್ಲ. "ದಿನಾ ಎಣಿಸಿಕೋತ ಕುಂತ್ರ ನಾರ ಬರತೈತೇನಪಾ? ದಿನಾ ಒಂದ ಕಡ್ಡಿ ಮುರದ ನೋಡಬೇಕು. ಕಡ್ಡಿ ಜಾರಿ ಈಚಿಗೆ ಬಂತಂದ್ರ ಆತು" ಅಂದರು. ಮೂರನೆಯ ಕಟ್ಟನ್ನು ಅವರೇ ನೋಡಿಕೊಂಡರು. ಏಳನೆಯ ದಿನ "ತಗಿ" ಅಂದರು. ಬೀಜದ ತಳಿ, ಬಲಿತ ಕಾಂಡ, ಆದ್ದರಿಂದ ನಾರು ಒರಟಾಗಿಯೇ ಬಂತು. ಆದರೂ ಬಂತು. ಅದರಲ್ಲಿ ಹೊಸೆದ ಒಂದು ಮೊಳ ಹುರಿ ಇಲ್ಲಿದೆ ನೋಡಿ. ಇದನ್ನು ಶಾಲೆಯ ವಿಜ್ಞಾನ ಕೊಠಡಿಗೆ ಕೊಟ್ಟು ಹೋಗುತ್ತೇನೆ.

ಈ ಹುರಿ ಹೇಳುವ ಮಾತು ಒಂದೇ. ಬೀಜ ಕಳೆದುಹೋದರೆ ಬೇರೆ ಕಡೆಯಿಂದ ತರಬಹುದು. ಹೊಲಕ್ಕೂ ಬಟ್ಟೆಗೂ ನಡುವೆ ಇರುವ ಕೈಕಸುಬು ಕಳೆದುಹೋದರೆ ಅದನ್ನು ಎಲ್ಲಿಂದ ತರುವುದು?

ಇದು ನಮ್ಮೊಬ್ಬರ ಕಷ್ಟವಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಊರಿದೆ. ಒಂದು ಕಾಲಕ್ಕೆ ಮಗ್ಗದ ಗಿರಣಿಗಳ ಊರು. ಆ ಸೀಮೆಗೂ ನಮಗೂ ಹಳೆಯ ನಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತಿತು. 1931ರಲ್ಲಿ ಗಾಂಧೀಜಿಯವರು ಬ್ಲ್ಯಾಕ್‌ಬರ್ನಿನ ಪಕ್ಕದ ಡಾರ್ವೆನ್‌ಗೆ ಹೋಗಿ, ಖಾದಿ ಚಳವಳಿಯಿಂದ ಕೆಲಸ ಕಳೆದುಕೊಂಡ ಗಿರಣಿ ಕೆಲಸಗಾರರನ್ನು ಕಂಡು ಮಾತಾಡಿ ಬಂದರು. ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಅದೇ ಬ್ಲ್ಯಾಕ್‌ಬರ್ನಿನಲ್ಲಿ, 2021ರಲ್ಲಿ, ಬಟ್ಟೆ ವ್ಯಾಪಾರದ ಪ್ಯಾಟ್ರಿಕ್ ಗ್ರಾಂಟ್ ಮತ್ತು ಸಂಗಡಿಗರು ಊರೊಳಗಿನ ಪಾಳು ಜಾಗದಲ್ಲಿ ಅಗಸಿ ಬಿತ್ತಿದರು. ನೀಲಿ ಬಣ್ಣಕ್ಕೆಂದು ವೋಡ್ ಎಂಬ ಗಿಡವನ್ನೂ ಹಾಕಿದರು. ಊರವರೇ ಕಳೆ ಕಿತ್ತರು, ಊರವರೇ ಕೊಯ್ಲು ಮಾಡಿದರು. ಆದರೆ ನಾರು ಬಿಡಿಸುವ, ಬಾಚುವ, ನೂಲುವ ಕೆಲಸವನ್ನು ಕೈಯಿಂದಲೇ ಮತ್ತೆ ಕಲಿಯಬೇಕಾಯಿತು.

ಫ್ರಾನ್ಸಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಅಗಸಿ ಬೆಳೆಯುವುದು ನಿಂತೇ ಇರಲಿಲ್ಲ. ನೂಲುವ ಗಿರಣಿಗಳು ಮಾತ್ರ ದೇಶ ಬಿಟ್ಟವು. ಮನೆಮುಂದೆ ಬೆಳೆದ ನಾರು ನೂಲಾಗಲು ಚೀನಾಕ್ಕೆ ಹೋಗಬೇಕಾಯಿತು. ಸಫಿಲಾಂ ಎಂಬ ಹಳೆಯ ಕಂಪನಿ 2022ರಲ್ಲಿ ಬೆಟ್ಯೂನ್ ಎಂಬಲ್ಲಿ ಮತ್ತೆ ಲಿನನ್ ನೂಲುವ ಗಿರಣಿ ತೆರೆಯಿತು. ಜಗತ್ತಿಗೇ ನಾರು ಕೊಡುವ ದೇಶಕ್ಕೂ ನಡುವಿನ ಒಂದು ಕೊಂಡಿ ಕಳಚಿದರೆ ಜೋಡಿಸುವುದು ಅಷ್ಟು ಕಷ್ಟ.

ನಮ್ಮಲ್ಲಿಯೂ ಕೊಂಡಿಗಳು ಹೀಗೆಯೇ ಕಳಚಿದವು. ನನ್ನ ಅಪ್ಪ ಅಗಸಿ ಬಿತ್ತುವುದನ್ನು ಬಿಟ್ಟಿದ್ದು ಭೂಮಿ ಒಲ್ಲೆ ಎಂದಿತು ಅಂತಲ್ಲ. ಊರಿನ ಗಾಣ ನಿಂತಿತು, ಆದ್ದರಿಂದ. ಪ್ಯಾಕೆಟ್ ಎಣ್ಣೆ ಬಂತು, ಗಾಣ ನಿಂತಿತು, ಅಕ್ಕಡಿ ಸಾಲು ಹೋಯಿತು. ನೈಲಾನ್ ಹಗ್ಗ ಬಂತು, ಪುಂಡಿಯ ಹಗ್ಗ ಹೋಯಿತು. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಎಸಳು ಉದುರಿಸುವ ಆ ನೀಲಿ ಹೂವನ್ನು ಈ ಮಕ್ಕಳಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ ನೋಡೋಣ. ಐದೇ ಕೈ!

ಹಾಗೆಂದು, ನಾಳೆಯಿಂದ ಕಡಲೆ ಬಿಟ್ಟು ಅಗಸಿ ಬಿತ್ತಿರಿ, ಲಿನನ್ ಮಾಡಿ ಶ್ರೀಮಂತರಾಗಿರಿ ಎಂದು ನಾನು ಹೇಳಿದರೆ ನೀವು ನಂಬಬಾರದು. ನಾರಿನ ಅಗಸಿಗೆ ತಂಪು ಹವೆ ಬೇಕು, ತಳಿ ಬೇರೆ ಬೇಕು, ಯಂತ್ರ ಬೇಕು, ಕೊಳ್ಳುವವರು ಬೇಕು. ಸಾಲ ಮಾಡಿ ಮಾಡುವ ಪ್ರಯೋಗ ಇದಲ್ಲ. ನಾನು ಕೇಳುವುದು ಸಣ್ಣ ಮೂರು ಕೆಲಸ.

ಮೊದಲನೆಯದು, ಹಿಂಗಾರಿಯಲ್ಲಿ ಎರೆ ಹೊಲದ ಕಡಲೆಯ ನಡುವೆ ನಾಲ್ಕು ಸಾಲು ಅಗಸಿ ಹಾಕಿ. ಮನೆಯ ಹಿಂಡಿಗಾದರೂ ಆಗುತ್ತದೆ, ಬೀಜವೂ ಊರಲ್ಲಿ ಉಳಿಯುತ್ತದೆ.

ಎರಡನೆಯದು, ಶಾಲೆಯ ಹಿಂದಿನ ಜಾಗದಲ್ಲಿ ಎರಡು ಮಡಿ ಮಾಡೋಣ. ಒಂದರಲ್ಲಿ ನಮ್ಮ ಬೀಜದ ಅಗಸಿ, ಇನ್ನೊಂದರಲ್ಲಿ ನಾರಿನ ಅಗಸಿ. ನಾರಿನ ತಳಿಗಳ ಮೇಲೆ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಕೇಂದ್ರ ಸರ್ಕಾರದ ಸೆಣಬು ಸಂಶೋಧನಾ ಸಂಸ್ಥೆ ಕೆಲಸ ಮಾಡುತ್ತಿದೆ. ಅವರಿಗೆ ಪತ್ರ ಬರೆಯುವ ಕೆಲಸ ನನ್ನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನೂ ಕೇಳೋಣ. ಎತ್ತರ ಅಳೆಯುವುದು, ದಿನ ಎಣಿಸುವುದು, ಬರೆದಿಡುವುದು ಮಕ್ಕಳ ಕೆಲಸ. ನೆನೆಹಾಕುವುದನ್ನು ಮಾತ್ರ ತೊಟ್ಟಿಯಲ್ಲೇ ಮಾಡೋಣ. ಹಳ್ಳದಲ್ಲಿ ಹಾಕಿದರೆ ನೀರು ಕೆಟ್ಟು ಮೀನು ಸಾಯುತ್ತವೆ.

ಮೂರನೆಯದೇ ಅವಸರದ್ದು. ಪುಂಡಿಯ ನಾರು ಬಿಡಿಸಿದ, ಹಗ್ಗ ಹೊಸೆದ, ಗಾಣ ಹೊಡೆದ ಹಿರಿಯರು ಊರಿನಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಅವರನ್ನು ವರ್ಷಕ್ಕೆ ಒಂದು ದಿನ ಶಾಲೆಗೆ ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಮಕ್ಕಳು ಅವರ ಕೈ ನೋಡಿ ಕಲಿಯಲಿ. ಐವತ್ತು ವರ್ಷ ಈ ಶಾಲೆ ಊರಿಗೆ ಕಲಿಸಿದೆ. ಇನ್ನು ಊರಿನಿಂದಲೂ ಸ್ವಲ್ಪ ಕಲಿಯಲಿ.

ಆ ಅಜ್ಜಿ ಇವತ್ತು ಇಲ್ಲಿಯೇ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮೊದಲ ಪಾಠಕ್ಕೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. "ಲಗೂ ಇಟಗೋರಿ, ನಾ ಭಾಳ ದಿನಾ ಕಾಯಾಂಗಿಲ್ಲ" ಎಂದೂ ಹೇಳಿದ್ದಾರೆ. ಮುಖ್ಯೋಪಾಧ್ಯಾಯರು ಇದನ್ನು ದಯವಿಟ್ಟು ಬರೆದುಕೊಳ್ಳಬೇಕು.