ಪೆಟ್ಟಿಗೆಯಲ್ಲಿರುವ ಬಟ್ಟೆ



ಈಸ್ಟರ್ ಹಬ್ಬಕ್ಕೆ ಮುನ್ನ ಕ್ರೈಸ್ತ ಬಾಂಧವರು ಆಚರಿಸುವ 40 ದಿನಗಳ ತಪಸ್ಸುಕಾಲಕ್ಕೆ ಪ್ರಾರ್ಥನೆ, ಉಪವಾಸ, ದಾನಗಳೆಂಬ ಮೂರು ಅಂಗಗಳುಂಟು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧೀಜಿಯವರು ಬಡವರನ್ನು ನೆನೆದು ತುಂಡು ಪಂಚೆಯನ್ನುಟ್ಟರು. ತ್ಯಾಗದ ತಿರುಳು ಎರಡರಲ್ಲಿಯೂ ಒಂದೇ.

ಹಿಂದೂಪುರ, ಕಲ್ಯಾಣದುರ್ಗಗಳದು ಮಳೆ ಕಡಿಮೆಯಾದ ಸೀಮೆ. ಶೇಂಗಾ ಬೆಳೆ ಕೈಕೊಟ್ಟ ವರ್ಷ ಬಡ ರೈತನ ಮನೆಗೆ ಹೊಸ ಬಟ್ಟೆ ಬಾರದು. ಆದರೆ ಅಂಗಿಯಿಲ್ಲವೆಂದು ಆ ಮನೆಯ ಮಗು ಶಾಲೆ ಬಿಡಬಾರದು.

ಆದುದರಿಂದ ನಮ್ಮ ಪೆಟ್ಟಿಗೆಗಳನ್ನು ತೆರೆಯೋಣ. ವರ್ಷದಿಂದ ತೊಡದುದನ್ನು ಒಗೆದು, ಗುಂಡಿ ಹೊಲಿದು, ಮಡಿಸಿ ಕೊಡೋಣ. ಹರಿದುದು ಕೌದಿಗಾಗಲಿ. ನಮ್ಮ ಮಕ್ಕಳಿಗೆ ತೊಡಿಸಲು ನಾಚುವುದನ್ನು ಪರರ ಮಕ್ಕಳಿಗೆ ಕೊಟ್ಟರೆ ಅದು ದಾನವೆನಿಸದು. ಕೊಟ್ಟವರ ಹೆಸರು ಯಾರಿಗೂ ತಿಳಿಯದಿರಲಿ. ತೊಟ್ಟ ಮಗು ತಲೆಯೆತ್ತಿ ತರಗತಿಗೆ ಬರಲಿ.