ಪರದೇಶದಿಂದ ಬಂದು ಮಕ್ಕಳನ್ನು ಕೆಡಿಸುವವರಿಗೆ ಶಿಕ್ಷೆ ಉಂಟು

(ಯುವಕ ಮಂಡಲದ ಮಾಸಿಕ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ಸಭೆಯಲ್ಲಿ ಬೀಜ, ಗೊಬ್ಬರ, ಬೆಳೆಗೆ ಬೀಳುವ ರೋಗ ಇವುಗಳ ಮಾತು ನಡೆಯುವುದು ವಾಡಿಕೆ. ಇಂದು ಬೇರೊಂದು ರೋಗದ ವಿಷಯ ಹೇಳಬೇಕಾಗಿದೆ. ಬಾಯಿಬಿಟ್ಟು ಹೇಳಲು ಸಂಕೋಚವಾಗುವ ವಿಷಯವಿದು. ಆದರೆ ನಮ್ಮ ಈ ಸಂಕೋಚವೇ ಅಪರಾಧಿಗೆ ದೊಡ್ಡ ರಕ್ಷಣೆ. ಆದುದರಿಂದ ಸಮಾಧಾನದಿಂದ ಕೇಳಬೇಕು.

ಪ್ರವಾಸದ ಹೆಸರಿನಲ್ಲಿ ಬಡದೇಶಗಳಿಗೆ ಬಂದು ಅಲ್ಲಿನ ಮಕ್ಕಳನ್ನು ಕಾಮಕ್ಕೆ ಬಳಸುವ ಜನರಿದ್ದಾರೆ. ಥಾಯ್ಲೆಂಡ್, ಕಾಂಬೋಡಿಯ, ಫಿಲಿಪೈನ್ಸ್, ಶ್ರೀಲಂಕಾ ದೇಶಗಳು ಇದರ ಕಷ್ಟವನ್ನು ಉಂಡಿವೆ. ನಮ್ಮ ಗೋವೆಯೂ ಉಂಡಿದೆ. ಗೋವೆ ದೂರದ ಊರೆಂದು ನಾವು ಸುಮ್ಮನಿರುವಂತಿಲ್ಲ. ಉತ್ತರ ಕರ್ನಾಟಕದಿಂದ ಮಳೆ ಕೈಕೊಟ್ಟ ವರ್ಷ ಅಲ್ಲಿಗೆ ಕೂಲಿಗೆ ಹೋಗುವ ಸಂಸಾರಗಳು ಎಷ್ಟೋ ಇವೆ. ಅಲ್ಲಿನ ಕಡಲ ದಂಡೆಯಲ್ಲಿ ಮಣಿಸರ, ಕಸೂತಿ ಬಟ್ಟೆ ಮಾರುವ ಲಂಬಾಣಿ ತಾಯಂದಿರನ್ನೂ ಅವರ ಜೊತೆಯ ಮಕ್ಕಳನ್ನೂ ನಿಮ್ಮಲ್ಲಿ ಕೆಲವರು ಕಂಡಿರಬಹುದು.

ಇಂಥವರು ಗೂಂಡಾಗಳ ವೇಷದಲ್ಲಿ ಬರುವುದಿಲ್ಲ. ಉಪಕಾರಿಗಳಾಗಿ ಬರುತ್ತಾರೆ. ಮೊದಲು ಮಿಠಾಯಿ, ಬಟ್ಟೆ, ಮೊಬೈಲು. ಆಮೇಲೆ ಶಾಲೆಯ ಫೀಜು, ಮನೆಯವರಿಗೆ ಸಾಲ. ತಾಯಿತಂದೆಗಳು ಋಣದಲ್ಲಿ ಬಿದ್ದ ಮೇಲೆ ಮಗುವಿನ ಬಾಯಿ ತಾನಾಗಿಯೇ ಮುಚ್ಚುತ್ತದೆ. ಹೆಣ್ಣುಮಕ್ಕಳಿಗೆ ಮಾತ್ರ ಈ ಅಪಾಯವೆಂದು ತಿಳಿಯುವುದು ದೊಡ್ಡ ತಪ್ಪು. ನಾನು ಹೇಳಲಿರುವ ಎರಡು ಮೊಕದ್ದಮೆಗಳಲ್ಲಿಯೂ ನೊಂದವರು ಗಂಡುಹುಡುಗರೇ.

ಮೊದಲನೆಯದು ಗೋವೆಯದು. ಮಡಗಾಂವದಲ್ಲಿ ಫ್ರೆಡ್ಡಿ ಪೀಟ್ಸ್ ಎಂಬವನು ಅನಾಥಾಲಯ ನಡೆಸುತ್ತಿದ್ದ. 1991ರಲ್ಲಿ ಪೊಲೀಸರು ಅವನನ್ನು ಹಿಡಿದಾಗ ಮಕ್ಕಳ ಅಶ್ಲೀಲ ಚಿತ್ರಗಳು ರಾಶಿಯಾಗಿ ಸಿಕ್ಕಿದವು. ವಿದೇಶದಿಂದ ಬಂದವರಿಗೆ ಅವನು ಆ ಮಕ್ಕಳನ್ನು ಒಪ್ಪಿಸುತ್ತಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಬಂದು ಹೋದ ವಿದೇಶಿಯರನ್ನು ಹಿಡಿದು ತರುವುದಕ್ಕೆ ವರ್ಷಗಳೇ ಬೇಕಾದವು. ಆರೋಪ ಹೊತ್ತ ಒಬ್ಬನನ್ನು ಕಳುಹಿಸಿಕೊಡಲು ಬ್ರಿಟನ್ನಿನ ನ್ಯಾಯಾಲಯ 2014ರಲ್ಲಿ ಒಪ್ಪಲಿಲ್ಲ. ತಡವಾದಷ್ಟೂ ನ್ಯಾಯ ಕೈ ಜಾರುತ್ತದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಮುಂಬಯಿಯದು. 1995ರಲ್ಲಿ ಡಂಕನ್ ಗ್ರಾಂಟ್ ಎಂಬ ಬ್ರಿಟಿಷನು ಕೊಲಾಬಾದಲ್ಲಿ ಬೀದಿಮಕ್ಕಳಿಗಾಗಿ ಒಂದು ಆಶ್ರಯಧಾಮ ತೆರೆದ. ಅಲನ್ ವಾಟರ್ಸ್ ಎಂಬ ಇನ್ನೊಬ್ಬ ಬ್ರಿಟಿಷನು ಅಲ್ಲಿಗೆ ಬಂದು ಹೋಗುತ್ತಿದ್ದ. ಅನ್ನ, ಬಟ್ಟೆ, ಆಟದ ಸಾಮಾನು ಎಲ್ಲವೂ ಇದ್ದವು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 2001ರಲ್ಲಿ ದೂರು ಹೊರಬಿದ್ದಾಗ ಇಬ್ಬರೂ ದೇಶದಲ್ಲಿರಲಿಲ್ಲ. ವಾಟರ್ಸ್ 2003ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದ. 2004ರಲ್ಲಿ ಅವನನ್ನು ಭಾರತಕ್ಕೆ ತರಲಾಯಿತು. ಗ್ರಾಂಟ್ 2005ರಲ್ಲಿ ಬಂದು ಶರಣಾದ. 2006ರಲ್ಲಿ ಇಬ್ಬರಿಗೂ ಆರು ವರ್ಷ ಸಜೆಯಾಯಿತು. 2008ರಲ್ಲಿ ಮುಂಬಯಿ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಮಕ್ಕಳ ಸಾಕ್ಷ್ಯವನ್ನು ನಂಬಿ, ಶಿಕ್ಷೆಯನ್ನು ಎತ್ತಿಹಿಡಿಯಿತು. ಹತ್ತು ವರ್ಷದ ಈ ಹೋರಾಟ ಗೆದ್ದದ್ದು ಆ ಹುಡುಗರು ತಮ್ಮ ಮಾತಿಗೆ ನಿಂತದ್ದರಿಂದ, ಅವರ ಬೆನ್ನಿಗೆ ಕೆಲವರು ನಿಂತದ್ದರಿಂದ.

ಈಗ ಕಾಯಿದೆಯ ಮಾತು. ತನ್ನ ದೇಶಕ್ಕೆ ಓಡಿಹೋದವನು ಬಚಾವಾದನೆಂದು ಹಿಂದೆ ಜನ ತಿಳಿಯುತ್ತಿದ್ದರು. ಈಗ ಹಾಗಿಲ್ಲ. ಪರದೇಶದಲ್ಲಿ ಮಗುವನ್ನು ಕೆಡಿಸಿದ ತನ್ನ ಪ್ರಜೆಯನ್ನು ತನ್ನ ನೆಲದಲ್ಲಿಯೇ ವಿಚಾರಿಸುವ ಕಾಯಿದೆಯನ್ನು ಆಸ್ಟ್ರೇಲಿಯ 1994ರಲ್ಲಿ, ಬ್ರಿಟನ್ 1997ರಲ್ಲಿ ಮಾಡಿದವು. ಅಮೆರಿಕ 2003ರಲ್ಲಿ ತನ್ನ ಕಾಯಿದೆಯನ್ನು ಬಿಗಿಮಾಡಿ 30 ವರ್ಷದವರೆಗೆ ಸಜೆ ಇಟ್ಟಿತು. ಮಲೇಶಿಯದ ಬಡಮಕ್ಕಳ ನಡುವೆ ಉಪಕಾರಿಯಂತೆ ಸುಳಿದಾಡಿದ ರಿಚರ್ಡ್ ಹಕಲ್ ಎಂಬ ಬ್ರಿಟಿಷನಿಗೆ ಲಂಡನ್ನಿನ ನ್ಯಾಯಾಲಯ 2016ರಲ್ಲಿ 22 ಜೀವಾವಧಿ ಶಿಕ್ಷೆಗಳನ್ನು ವಿಧಿಸಿತು. ನಮ್ಮ ಕಾಯಿದೆಯೂ ಹಾಗೆಯೇ. ಭಾರತದ ಪ್ರಜೆ ಹೊರದೇಶದಲ್ಲಿ ಅಪರಾಧ ಮಾಡಿದರೂ ಇಲ್ಲಿ ವಿಚಾರಿಸಬಹುದು. ಇಲ್ಲಿಂದ ವಿಮಾನ ಹತ್ತಿ ಹೋಗಿ ಇಂಥ ಕೆಲಸ ಮಾಡುವ ನಮ್ಮವನೂ, ನೆರೆಜಿಲ್ಲೆಯಿಂದ ಕಾರಿನಲ್ಲಿ ಬರುವವನೂ ಬಿಳಿಯನಷ್ಟೇ ಅಪರಾಧಿ.

ಆದರೆ ಬೇರೆ ದೇಶದ ನ್ಯಾಯಾಧೀಶರ ಮುಂದೆ ಇಡುವುದಕ್ಕೂ ಪುರಾವೆ ಇಲ್ಲಿಂದಲೇ ಹೋಗಬೇಕು. ಬೀಜ ಬಿತ್ತದೆ ಫಸಲು ಬಾರದು. ಆದುದರಿಂದ ನಾವು ಮಾಡತಕ್ಕ ಕೆಲಸಗಳಿವು:

1. ಮಗು ಹೇಳಿದ್ದನ್ನು ಗದರದೆ ಕೇಳಿರಿ. ಪದೇ ಪದೇ ಕೆದಕಿ ಕೇಳಬೇಡಿರಿ. ಅದು ಪೊಲೀಸರ ಮತ್ತು ನ್ಯಾಯಾಲಯದ ಕೆಲಸ.

2. ಕೂಡಲೇ ಪೊಲೀಸರಿಗೆ ತಿಳಿಸಿರಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. 2012ರ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿದೂ ಮುಚ್ಚಿಡುವುದು ಸ್ವತಃ ಅಪರಾಧ.

3. ಮಗುವಿನ ಬಟ್ಟೆ, ಮೊಬೈಲಿನ ಸಂದೇಶ, ಚಿತ್ರ, ಹಣ ಬಂದ ಲೆಕ್ಕ ಯಾವುದನ್ನೂ ಅಳಿಸಬೇಡಿರಿ, ತೊಳೆಯಬೇಡಿರಿ. ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸಲೂ ಬಾರದು. ಆ ಮನುಷ್ಯನ ಹೆಸರು, ದೇಶ, ತಂಗಿದ ಸ್ಥಳ ಬರೆದಿಡಿರಿ. ವಿದೇಶಿಯರು ತಂಗಿದರೆ ವಸತಿಗೃಹದವರು 24 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು; ಆ ದಾಖಲೆ ಮುಂದೆ ಉಪಯೋಗಕ್ಕೆ ಬರುತ್ತದೆ.

4. ಹಣ ತೆಗೆದುಕೊಂಡು ಕಟ್ಟೆಯ ಮೇಲೆ ರಾಜಿ ಮಾಡಬೇಡಿರಿ. ರಾಜಿಯ ದುಡ್ಡಿನಿಂದ ಅವನು ಮುಂದಿನ ಊರಿಗೆ ಟಿಕೆಟು ಕೊಂಡಂತಾಗುತ್ತದೆ.

5. ಓದಿಸುತ್ತೇವೆಂದು ಮಗುವನ್ನು ಕೇಳಿ ಬಂದ ಸಂಸ್ಥೆ ಸರ್ಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸದೆ ಕಳುಹಿಸಬೇಡಿರಿ.

ಮರ್ಯಾದೆ ಹೋಗುತ್ತದೆಂದು ಹೆದರುವವರಿಗೆ ಒಂದು ಮಾತು. ಮಗುವಿನ ಹೆಸರು, ಊರು ಪ್ರಕಟಿಸುವುದನ್ನು ಕಾಯಿದೆ ನಿಷೇಧಿಸಿದೆ. ಹೇಳಿಕೆಯನ್ನು ಮನೆಯಲ್ಲಿಯೇ ಬರೆದುಕೊಳ್ಳಬಹುದು. ಬರೆದುಕೊಳ್ಳಲು ಬರುವ ಪೊಲೀಸರು ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮರ್ಯಾದೆ ಕಳೆದುಕೊಳ್ಳಬೇಕಾದವನು ತಪ್ಪು ಮಾಡಿದವನು, ಮಗುವಲ್ಲ.

ಬಾಂಧವರೇ, ಅತಿಥಿಯನ್ನು ದೇವರೆಂದು ಕಾಣುವ ನಾಡು ನಮ್ಮದು. ಆ ನಡತೆಯನ್ನು ಬಿಡಬೇಕಾಗಿಲ್ಲ. ಬಂದವರಿಗೆ ನೀರು ಕೊಡೋಣ, ದಾರಿ ತೋರಿಸೋಣ; ಮಕ್ಕಳನ್ನು ಮಾತ್ರ ಅವರ ಕೈಗೆ ಒಪ್ಪಿಸುವುದು ಬೇಡ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಬೇಕೆಂದೂ, ಗೋವೆಗೆ ಕೂಲಿಗೆ ಹೋಗುವ ಪ್ರತಿ ಮನೆಗೂ 1098 ಎಂಬ ಸಂಖ್ಯೆಯನ್ನು ಮುಟ್ಟಿಸಬೇಕೆಂದೂ ಕೋರಿ ನನ್ನ ಮಾತು ಮುಗಿಸುತ್ತೇನೆ.